ಮಾಯದ ವಿಮಾನವೂ ಮಂಜಿನೊಳಗಿನ ಆನೆಯೂ



ಹಾಸ್ಟೆಲಿನ ಊಟದ ಮನೆಯಲ್ಲಿ ಜಗಳ ಮುಗೀತಾ ಇಲ್ಲ. 2025ರ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಅಮೆರಿಕದ ಎಫ್-35, ರಷ್ಯಾದ ಸುಖೋಯ್-57 ಎರಡೂ ಬಂದು ಹೋದವಲ್ಲ, ಅವತ್ತಿನಿಂದ ಇದೇ ಮಾತು. ಒಂದು ಗುಂಪು 'ರೇಡಾರಿಗೆ ಕಾಣೋದೇ ಇಲ್ಲ' ಅನ್ನುತ್ತೆ. ಇನ್ನೊಂದು 'ಎಲ್ಲಾ ಬೊಗಳೆ' ಅನ್ನುತ್ತೆ. ನಾವು ಬಾಯಿ ಹಾಕಿದರೆ 'ಬಿ.ಎ. ಓದಿದೋರಿಗೆ ವಿಮಾನದ ಉಸಾಬರಿ ಯಾಕೆ' ಅಂತಾರೆ. ಯಾಕೆ ಅಂತ ಹೇಳ್ತೀವಿ, ಕೇಳಿ.

ಸಕಲೇಶಪುರ, ಆಲೂರಿನ ಲೈನುಮನೆಗಳಿಂದ ಬಂದವರು ನಾವು. ಬೆಳಗಿನ ಮಂಜಿನಲ್ಲಿ ತೋಟಕ್ಕೆ ಹೋಗುವ ನಮ್ಮವ್ವಂದಿರಿಗೆ ಆನೆ ಗೊತ್ತು. ಅಷ್ಟು ದೊಡ್ಡ ಪ್ರಾಣಿ ಕಾಫಿ ಗಿಡದ ಮರೆಯಲ್ಲಿ ನಿಂತರೆ ಕಾಣಲ್ಲ. ಹಾಗಂತ ಆನೆ ಮಾಯವಾಯ್ತಾ? ಇಲ್ಲ. ನೂರು ಮಾರು ದೂರದಿಂದ ಕಾಣಬೇಕಾದ್ದು ಹತ್ತು ಮಾರಿಗೆ ಬಂದಾಗ ಕಾಣುತ್ತೆ. ಓಡಲು ಹೊತ್ತಿರಲ್ಲ, ಅಷ್ಟೆ. ಈ ವಿಮಾನದ ಗುಟ್ಟೂ ಅಷ್ಟೆ.

ರೇಡಾರ್ ಅಲೆ ಬಿಡುತ್ತೆ, ತಾಗಿ ಮರಳಿದ್ದನ್ನು ಹಿಡಿಯುತ್ತೆ. ಅಲೆ ಬಂದ ದಾರಿಯಲ್ಲೇ ಮರಳದಂತೆ ವಿಮಾನದ ಮೈಯನ್ನು ಓರೆ ಮಾಡ್ತಾರೆ, ಅಲೆ ಹೀರುವ ಲೇಪ ಬಳೀತಾರೆ, ಬಾಂಬನ್ನು ಹೊಟ್ಟೆಯೊಳಗೆ ಬಚ್ಚಿಡ್ತಾರೆ. ಹೀಗೆ ಮರಳುವ ಅಲೆಯನ್ನು 10,000 ಪಟ್ಟು ಕುಗ್ಗಿಸಿದರೂ ಕಾಣುವ ದೂರ ಇಳಿಯೋದು ಹತ್ತನೇ ಒಂದಕ್ಕೆ. 300 ಕಿ.ಮೀ. ಇದ್ದದ್ದು 30 ಆಗುತ್ತೆ, ಸೊನ್ನೆ ಆಗಲ್ಲ. ಅದೂ ಎದುರಿನಿಂದ ನೋಡುವ, ಗುರಿ ಹಿಡಿಯುವ ಸಣ್ಣ ಅಲೆಯ ರೇಡಾರಿಗೆ. ಪಕ್ಕದಿಂದ ನೋಡಿದರೆ ಬೇರೆ ಲೆಕ್ಕ. ಮೀಟರುದ್ದದ ಅಲೆಯ ಹಳೇ ರೇಡಾರಿಗೆ ಇನ್ನೂ ಬೇರೆ. ಇಂಜಿನ್ನಿನ ಶಾಖವನ್ನಂತೂ ಪೂರಾ ಮುಚ್ಚಲು ಆಗಲ್ಲ.

1999ರ ಮಾರ್ಚ್ 27ರಂದು ಯುಗೊಸ್ಲಾವಿಯಾದ ಸೈನಿಕರು, 1960ರ ದಶಕದ ಸೋವಿಯತ್ ಕ್ಷಿಪಣಿಯಿಂದ ಅಮೆರಿಕದ 'ಕಾಣದ' ಎಫ್-117 ಅನ್ನು ಉರುಳಿಸಿದರು. 'ನೋಡಿ, ಬೊಗಳೆ' ಅನ್ನೋರು ಇನ್ನೊಂದನ್ನೂ ನೋಡಬೇಕು: 78 ದಿನಗಳ ಆ ದಾಳಿಯಲ್ಲಿ ಅವರು ಉರುಳಿಸಿದ ಎಫ್-117 ಅದೊಂದೇ. 2025ರ ಜೂನ್ 14ರಂದು ಬ್ರಿಟನ್ನಿನ ಎಫ್-35 ತಿರುವನಂತಪುರದಲ್ಲಿ ಇಳಿದಾಗ, ನಮ್ಮ ವಾಯುಪಡೆ ಅದನ್ನು ಪತ್ತೆಹಚ್ಚಿ ಗುರುತಿಸಿತು ಅಂತ ಕುಣಿದವರೂ ಇದ್ದಾರೆ. ಇಳಿಯಲು ಜಾಗ ಕೇಳುವ ವಿಮಾನ ಯಾಕ್ರಯ್ಯಾ ಅಡಗಿಕೊಳ್ಳುತ್ತೆ?

ಹಾಗಾದರೆ ಎರಡು ಗುಂಪೂ ತಪ್ಪು. ಒಂದು ಭಕ್ತಿ, ಇನ್ನೊಂದು ಉಡಾಫೆ. ಎರಡಕ್ಕೂ ಲೆಕ್ಕ ಬೇಡ.

ನಮಗೆ ಬೇಕು. ರಷ್ಯಾದ ಜೊತೆ ಸೇರಿ ಇಂಥದ್ದೇ ವಿಮಾನ ಮಾಡ್ತೀವಿ ಅಂತ 2010ರಲ್ಲಿ 29.5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡ ಸರ್ಕಾರ 2018ರಲ್ಲಿ ಹೊರಬಂತು. 2024ರ ಮಾರ್ಚಿನಲ್ಲಿ, ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ರೂಪಿಸುತ್ತಿರುವ ನಮ್ಮದೇ ವಿಮಾನಕ್ಕೆ ಸುಮಾರು 15,000 ಕೋಟಿ ರೂಪಾಯಿ ಮಂಜೂರಾಯಿತು. ಮಾಡಲಿ, ಬೇಡ ಅನ್ನಲ್ಲ. ಆದರೆ ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವ ನಮ್ಮವ್ವಂದಿರ ಕಾಸೂ ಅದರೊಳಗಿದೆ. ಯಾವ ರೇಡಾರಿಗೆ ಕಾಣಲ್ಲ? ಯಾವ ದಿಕ್ಕಿನಿಂದ? ಎಷ್ಟು ದೂರದವರೆಗೆ? ಲೇಪ ಕಾಪಾಡಲು ವರ್ಷಕ್ಕೆ ಎಷ್ಟು? ಇದನ್ನು ಕೇಳೋದು ದೇಶದ್ರೋಹ ಅಲ್ಲ.

ಕಾಣದ್ದನ್ನು ನಂಬಿ, ಪ್ರಶ್ನೆ ಕೇಳಬೇಡಿ ಅಂತ ತಲೆತಲಾಂತರದಿಂದ ಹೇಳಿಸಿಕೊಂಡು ಬಾಗಿಲಾಚೆ ನಿಂತವರ ಮಕ್ಕಳು ನಾವು. ಈಗ ವಿಜ್ಞಾನದ ಹೆಸರಿನಲ್ಲೂ ಅದೇ ಮಂತ್ರ ಕೇಳಬೇಕಾ?

ಭೌತಶಾಸ್ತ್ರ ಯಾರ ಜಹಗೀರೂ ಅಲ್ಲ. ಪುಸ್ತಕ ತೆಗೀರಿ, ಲೆಕ್ಕ ಹಾಕಿ. ಆಮೇಲೆ ಬನ್ನಿ, ಜಗಳ ಆಡೋಣ.