ಡಂಗುರದ ಹೊಣೆ, ಮೊಬೈಲಿನ ಹೊರೆ

ಸರ್ಕಾರದ ಮಾತನ್ನು ಹಳ್ಳಿಗೆ, ಹಳ್ಳಿಯ ಸಂಕಟವನ್ನು ತಾಲ್ಲೂಕು ಕಚೇರಿಗೆ ಮುಟ್ಟಿಸುವವರು ಗ್ರಾಮ ಆಡಳಿತ ಅಧಿಕಾರಿಗಳು. ಮೊಬೈಲ್ ಆ್ಯಪ್‌ಗಳ ಹೊರೆ, ಮೂಲಸೌಕರ್ಯಗಳ ಕೊರತೆ ಮುಂದಿಟ್ಟು 2024ರ ಸೆಪ್ಟೆಂಬರಿನಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರ ಹೂಡಿದರು. 2025ರ ಫೆಬ್ರುವರಿಯಲ್ಲಿ ಮತ್ತೆ ಬೀದಿಗಿಳಿದರು. ಅವರ ದೂರು ತಂತ್ರಜ್ಞಾನದ ಮೇಲಲ್ಲ. ಕೆಲಸದ ಹೊತ್ತಿಗೆ ಮಿತಿಯೇ ಇಲ್ಲದಂತಾಗಿದೆ ಎಂಬುದೇ ಅದರ ತಿರುಳು.

ಧಾರವಾಡ ಜಿಲ್ಲೆಯಲ್ಲಿ ಬೆಣ್ಣಿಹಳ್ಳ ಉಕ್ಕಿದ ರಾತ್ರಿ ನವಲಗುಂದ, ಕುಂದಗೋಳದ ಹಳ್ಳಿಗಳಿಗೆ ಮೊಬೈಲಿಗಿಂತ ಬೇಗ ಸುದ್ದಿ ಮುಟ್ಟಿಸುವವರು ಯಾರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ನೆರೆಯ ಎಚ್ಚರಿಕೆಯೂ ‘ಕೂಡಲೇ ಫೋಟೊ ಕಳಿಸಿ’ ಎಂಬ ಸೂಚನೆಯೂ ಈ ಅಧಿಕಾರಿಗಳ ಒಂದೇ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬಿದ್ದರೆ, ನಿಜವಾದ ತುರ್ತು ಆ ರಾಶಿಯಲ್ಲಿ ಹೂತುಹೋಗುತ್ತದೆ. ಹಿಂದೆ ಊರಲ್ಲಿ ಡಂಗುರ ಸಾರುವ ವಾಲೀಕಾರ ಓಣಿಯಲ್ಲಿ ನಿಂತು ಜನ ಕೇಳಿದ್ದಕ್ಕೆ ಉತ್ತರವನ್ನೂ ಹೇಳುತ್ತಿದ್ದ. ಓದಿದ್ದಾರೆಂದು ತೋರಿಸುವ ನೀಲಿ ಗೆರೆಗಳು ಆ ಕೆಲಸ ಮಾಡಲಾರವು. ಬೆಳೆಹಾನಿ ಪರಿಹಾರ ತನಗೇಕೆ ಬಂದಿಲ್ಲ ಎಂದು ಕೇಳುವ ಅಣ್ಣಿಗೇರಿಯ ರೈತನಿಗೆ ಕೂತು ವಿವರಿಸುವವರು ಬೇಕು. ತುರ್ತಿಗೆ ಬೇರೆ ಗುಂಪು ಇರಲಿ, ಉಳಿದ ಸೂಚನೆಗಳು ಕಚೇರಿ ವೇಳೆಯಲ್ಲೇ ಬರಲಿ. ರೈತನ ಮುಂದೆ ಕೂತು ಕಳೆದ ಹೊತ್ತನ್ನೂ ಕಂದಾಯ ಇಲಾಖೆ ಕೆಲಸವೆಂದೇ ಲೆಕ್ಕಕ್ಕೆ ಹಿಡಿಯಲಿ.