ಸೂತಕದ ಗುಡಿಸಲು, ಬಾಣಂತಿಯ ಕೋಣೆ

ಎಂಟನೇ ತರಗತಿಯಲ್ಲಿ ಹಾಜರಿ ಕರೆಯುವಾಗ ಒಬ್ಬ ಹುಡುಗಿಯ ಹೆಸರಿಗೆ ಉತ್ತರ ಬರುವುದಿಲ್ಲ. ‘ಯಾಕಮ್ಮ, ಅವಳು ಬಂದಿಲ್ಲ?’ ಎಂದು ಮೇಷ್ಟ್ರು ಕೇಳಿದರೆ ಪಕ್ಕದಲ್ಲಿ ಕೂರುವವಳು ತಲೆ ತಗ್ಗಿಸಿ, ‘ಹುಷಾರಿಲ್ಲ ಸಾರ್’ ಎನ್ನುತ್ತಾಳೆ. ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಗುತ್ತಾರೆ. ಮೂರು ದಿನ ಕಳೆದ ಮೇಲೆ ಹುಡುಗಿ ತಲೆಗೆ ನೀರು ಹಾಕಿಕೊಂಡು ಶಾಲೆಗೆ ಬರುತ್ತಾಳೆ. ಮೇಷ್ಟ್ರು ಮತ್ತೆ ಏನೂ ಕೇಳುವುದಿಲ್ಲ. ಕೊಳಾಲದ ಸುತ್ತಿನ ಊರುಗಳಿಂದ ಹಿಡಿದು ಮಧುಗಿರಿ, ಶಿರಾ, ಪಾವಗಡದವರೆಗೆ ಪಾಠ ಮಾಡಿದ ಶಿಕ್ಷಕರಿಗೆ ಇದು ಹೊಸ ದೃಶ್ಯವಲ್ಲ.

ಇದೊಂದು ಸುಲಭವಾದ ಲೆಕ್ಕ. ತಿಂಗಳಿಗೆ ಮೂರು ದಿನದಂತೆ ಶಾಲೆ ನಡೆಯುವ ಹತ್ತು ತಿಂಗಳಿಗೆ 30 ದಿನ. ಭಾನುವಾರ, ಹಬ್ಬದ ರಜೆಗಳನ್ನು ಕಳೆದರೂ ವರ್ಷಕ್ಕೆ 20 ದಿನಗಳಿಗೆ ಕಡಿಮೆಯಾಗದು. ಎಂಟರಿಂದ ಹತ್ತನೇ ತರಗತಿಯವರೆಗೆ ಕೂಡಿದರೆ 60 ದಿನ. ಎರಡು ತಿಂಗಳಿಗೂ ಮಿಕ್ಕಿದ ಪಾಠ ಹೀಗೆ ಸದ್ದಿಲ್ಲದೆ ಹೋಗುತ್ತದೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ಮಾತ್ರ ‘ಹೆಣ್ಣು ಹುಡುಗಿಗೆ ಗಣಿತ ತಲೆಗೆ ಹತ್ತುವುದಿಲ್ಲ’ ಎನ್ನುವ ಮಾತು ಮನೆಯಲ್ಲಿ ಕೇಳಿಬರುತ್ತದೆ.

ಆ ಮೂರು ದಿನ ಆಕೆ ಎಲ್ಲಿರುತ್ತಾಳೆ? ಕೆಲವು ಮನೆಗಳಲ್ಲಿ ನಡುಮನೆಯ ಮೂಲೆಯಲ್ಲಿ, ಕೆಲವು ಮನೆಗಳಲ್ಲಿ ಜಗಲಿಯ ಮೇಲೆ. ‘ಹೊರಗಾಗಿದ್ದಾಳೆ’ ಎಂಬ ಮಾತು ಹುಟ್ಟಿದ್ದೇ ಹೀಗೆ. ಇದು ಯಾವುದೋ ಒಂದು ಜಾತಿಯ ಆಚಾರವಲ್ಲ. ಮಡಿ-ಮೈಲಿಗೆ ಎಣಿಸುವ, ಓದಿಕೊಂಡ, ಪಟ್ಟಣ ಸೇರಿದ ಮನೆಗಳಲ್ಲೂ ಇದೆ. ಆದರೆ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ‘ಹೊರಗೆ’ ಎಂದರೆ ಹಟ್ಟಿಯ ಹೊರಗೇ ಸರಿ. ಮುಟ್ಟಾದ ಹೆಣ್ಣುಮಗಳು ಮೂರರಿಂದ ಐದು ದಿನ, ಹೆತ್ತ ತಾಯಿ ವಾರಗಟ್ಟಲೆ, ಕೆಲವೆಡೆ ತಿಂಗಳು ಮೀರಿ, ಬೇಲಿಯಾಚೆಯ ಪುಟ್ಟ ಗುಡಿಸಿಲಿನಲ್ಲಿ ಕಳೆಯಬೇಕು.

2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಿಂದ ಬಂದ ಸುದ್ದಿ ರಾಜ್ಯವನ್ನೆಲ್ಲ ಕಲಕಿತು. ಅಲ್ಲಿನ ಹೆಣ್ಣುಮಗಳೊಬ್ಬಳು ಆಸ್ಪತ್ರೆಯಲ್ಲಿ ಅವಳಿ ಮಕ್ಕಳನ್ನು ಹೆತ್ತಳು. ಒಂದು ಮಗು ಆಸ್ಪತ್ರೆಯಲ್ಲೇ ತೀರಿಕೊಂಡಿತು. ಉಳಿದ ಹೆಣ್ಣುಮಗುವಿನೊಂದಿಗೆ ಊರಿಗೆ ಬಂದ ಬಾಣಂತಿಯನ್ನು ಸೂತಕವೆಂದು ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿ ಇರಿಸಲಾಯಿತು. ಮಳೆಗಾಲದ ಶೀತಗಾಳಿ ಬೀಸುತ್ತಿತ್ತು. ಮಗುವಿಗೆ ಶೀತ ಹೆಚ್ಚಿತು. ಮತ್ತೆ ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಆಮೇಲೆ ಅಧಿಕಾರಿಗಳು ಬಂದರು, ನ್ಯಾಯಾಧೀಶರು ಬಂದರು, ತಿಳಿವಳಿಕೆ ಹೇಳಿದರು. ಮಗು ಮಾತ್ರ ಹಿಂದಿರುಗಲಿಲ್ಲ.

ಆ ಮನೆಯವರಿಗೆ ಮಗುವಿನ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳಲಾರರು. ಪ್ರೀತಿ ಇತ್ತು, ಭಯವೂ ಇತ್ತು. ಭಯ ಗೆದ್ದಿತು. ಹಾಗೇಕೆ ಆಗುತ್ತದೆ ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ಸಿಟ್ಟಿಲ್ಲದೆ, ನಗೆಯಾಡದೆ ಯೋಚಿಸಬೇಕಾಗಿದೆ.

ಮುದ್ದೆ ಹೇಳುವ ಪಾಠ

ಮೊದಲು ವಿಜ್ಞಾನದ ಮಾತು. ರಾಗಿ ಮುದ್ದೆ ಉಣ್ಣುವ ಸೀಮೆಯ ಮಕ್ಕಳಿಗೆ ಇದನ್ನು ವಿವರಿಸಲು ಪ್ರಯೋಗಶಾಲೆ ಬೇಕಿಲ್ಲ. ಒಂದೇ ಪಾತ್ರೆಯ ಹಿಟ್ಟಿನಿಂದ ಒಂದು ದೊಡ್ಡ ಮುದ್ದೆ, ಒಂದು ಸಣ್ಣ ಮುದ್ದೆ ಕಟ್ಟಿ ತಟ್ಟೆಯಲ್ಲಿಡಿ. ಹತ್ತು ನಿಮಿಷ ಬಿಟ್ಟು ಮುರಿದರೆ ದೊಡ್ಡದರ ಒಡಲಿನಲ್ಲಿ ಇನ್ನೂ ಹಬೆಯಾಡುತ್ತದೆ, ಸಣ್ಣದು ಆರಿರುತ್ತದೆ. ಉಂಡೆಯ ಅಡ್ಡಳತೆ ಇಮ್ಮಡಿಯಾದರೆ ಅದರ ಮೈಯ ಹರವು ನಾಲ್ಕು ಪಟ್ಟಾಗುತ್ತದೆ, ಗಾತ್ರ ಎಂಟು ಪಟ್ಟಾಗುತ್ತದೆ. ಎಂದರೆ ಉಂಡೆ ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದಾಗ ಶಾಖ ಸೋರುವ ಮೈ ಹೆಚ್ಚು.

ಹಸುಗೂಸು ಆ ಸಣ್ಣ ಮುದ್ದೆಯಂತೆ. ಮೂರು ಕಿಲೋ ತೂಗುವ ಮಗುವಿನ ಚರ್ಮದ ಹರವು ಸುಮಾರು 0.2 ಚದರ ಮೀಟರ್. 60 ಕಿಲೋ ತೂಗುವ ದೊಡ್ಡವರದು ಸುಮಾರು 1.6. ಭಾಗಿಸಿ ನೋಡಿದರೆ, ಕಿಲೋ ತೂಕಕ್ಕೆ ಮಗುವಿನಲ್ಲಿ ಶಾಖ ಕಳೆದುಕೊಳ್ಳುವ ಮೈ ದೊಡ್ಡವರಿಗಿಂತ ಎರಡೂವರೆ ಪಟ್ಟು ಹೆಚ್ಚು. ಚಳಿಯಾದಾಗ ದೊಡ್ಡವರು ನಡುಗಿ ಶಾಖ ಹುಟ್ಟಿಸಿಕೊಳ್ಳುತ್ತಾರೆ. ಎಳೆಗೂಸಿಗೆ ಹಾಗೆ ನಡುಗಲು ಬಾರದು. ಬೆನ್ನು, ಕತ್ತಿನ ಸುತ್ತ ಇರುವ ಕಂದು ಬಣ್ಣದ ವಿಶೇಷ ಕೊಬ್ಬನ್ನು ಉರಿಸಿಯೇ ಅದು ಮೈ ಬೆಚ್ಚಗಿಟ್ಟುಕೊಳ್ಳಬೇಕು. ಅವಧಿಗೆ ಮುಂಚೆ ಹುಟ್ಟಿದ ಅಥವಾ ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಮಗುವಿನಲ್ಲಿ ಆ ಕೊಬ್ಬೂ ಕಡಿಮೆ. ಅವಳಿಗಳಲ್ಲಿ ಇಂಥ ಮಕ್ಕಳೇ ಹೆಚ್ಚು.

ನವಜಾತ ಶಿಶುವಿನ ಮೈಶಾಖ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಇಳಿದರೆ ರಕ್ತದ ಸಕ್ಕರೆ ಖರ್ಚಾಗಿ ಮಗು ಸೋಲುತ್ತದೆ, ಹಾಲು ಚೀಪುವುದನ್ನು ಬಿಡುತ್ತದೆ, ಸೋಂಕು ಸುಲಭವಾಗಿ ತಗುಲುತ್ತದೆ. ಪ್ರಪಂಚದಲ್ಲಿ ಐದು ವರ್ಷದೊಳಗೆ ಸಾಯುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಮೊದಲ 28 ದಿನಗಳಲ್ಲೇ ಸಾಯುತ್ತವೆ. ಯಾವ ದಿನಗಳಲ್ಲಿ ಮಗುವಿಗೆ ಬೆಚ್ಚನೆಯ ಸೂರು ಎಲ್ಲಕ್ಕಿಂತ ಹೆಚ್ಚು ಬೇಕೋ, ಸೂತಕದ ನಿಯಮ ಆ ದಿನಗಳಲ್ಲೇ ಅದನ್ನು ಹೊರಗಿಡುತ್ತದೆ.

ಇನ್ನು ಮುಟ್ಟಿನ ರಕ್ತ. ಗರ್ಭ ನಿಂತರೆ ಕೂಸಿಗೆ ಹಾಸಿಗೆಯಾಗಲೆಂದು ಗರ್ಭಕೋಶ ತಿಂಗಳು ತಿಂಗಳು ಸಿದ್ಧಮಾಡುವ ಒಳಪೊರೆ ಅದು. ಬೇಡವಾದಾಗ ಕಳಚಿ ಹೋಗುತ್ತದೆ. ಅದರಲ್ಲಿ ವಿಷವೂ ಇಲ್ಲ, ಪಾಪವೂ ಇಲ್ಲ. ಅದು ಇಲ್ಲದಿದ್ದರೆ ಹಟ್ಟಿಯೂ ಇಲ್ಲ, ಊರೂ ಇಲ್ಲ.

ಒಂದೇ ಆಚಾರ, ಎರಡು ಫಲ

ಹಾಗಾದರೆ ಬಾಣಂತಿಯನ್ನು ಬೇರೆ ಇರಿಸುವುದೇ ತಪ್ಪೆ? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ತವರುಮನೆಯ ಬಾಣಂತನವೂ ಒಂದು ಬಗೆಯ ಬೇರ್ಪಡಿಕೆಯೇ. ಗಾಳಿ ನುಗ್ಗದ ಕೋಣೆ, ಬೆಚ್ಚನೆ ಬಟ್ಟೆ, ಬಿಸಿ ಊಟ, ಹಂಡೆ ನೀರು, ತೊಟ್ಟಿಲ ಬಳಿ ಅಜ್ಜಿ. ಬಂದವರೆಲ್ಲ ಮಗುವನ್ನು ಮುಟ್ಟುವಂತಿಲ್ಲ. ಬಾಣಂತಿ ಸೌದೆ ಹೊರುವಂತಿಲ್ಲ, ನೀರು ಸೇದುವಂತಿಲ್ಲ. ಅಲ್ಲೂ ಇರುವುದು ಸೂತಕದ ಮಾತೇ. ಆದರೆ ಅದರ ನೆರಳಿನಲ್ಲಿ ಹೆತ್ತವಳಿಗೆ ವಿಶ್ರಾಂತಿ ಸಿಕ್ಕಿತು, ಕೂಸಿಗೆ ಸೋಂಕಿನಿಂದ ರಕ್ಷಣೆ ಸಿಕ್ಕಿತು.

ಕೋಣೆ ಮನೆಯ ಒಳಗಿದ್ದರೆ ಆರೈಕೆ. ಊರ ಹೊರಗಿದ್ದರೆ ಅಪಾಯ. ಆಚಾರ ಒಂದೇ, ಫಲ ಎರಡು. ಯಾವುದೇ ಧರ್ಮದ ಯಾವುದೇ ಆಚರಣೆಯನ್ನು ಅಳೆಯಲು ಇದಕ್ಕಿಂತ ಸರಳವಾದ ಅಳತೆಗೋಲು ಬೇಕಿಲ್ಲ: ಅದು ಬಲವಿಲ್ಲದವರನ್ನು ಹತ್ತಿರಕ್ಕೆ ಕರೆಯುತ್ತದೆಯೋ, ದೂರಕ್ಕೆ ತಳ್ಳುತ್ತದೆಯೋ?

ಹತ್ತಿರಕ್ಕೆ ಕರೆಯುವ ಧರ್ಮವನ್ನು ನೋಡಲು ಕೊರಟಗೆರೆ ಕಡೆಯವರು ದೂರ ಹೋಗಬೇಕಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ವಿದ್ಯೆ ಸಿಗುತ್ತಿದೆ. 1907ರಲ್ಲಿ ಹುಟ್ಟಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಇದನ್ನೇ ಪೂಜೆಯೆಂದು ನಡೆಸಿದರು. ಈ ಜಿಲ್ಲೆಯ ಎಷ್ಟೋ ಬಡ ಮನೆಗಳ ಮೊದಲ ಎಸ್‌ಎಸ್‌ಎಲ್‌ಸಿ ಹುಡುಗ ಅಲ್ಲಿಯ ಪಂಕ್ತಿಯಲ್ಲಿ ಉಂಡವನು. ಸೂತಕವನ್ನೇ ಒಲ್ಲೆನೆಂದ ಪರಂಪರೆಯೂ ಕನ್ನಡ ನಾಡಿನದೇ. 12ನೇ ಶತಮಾನದ ಶರಣರು ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಅಲ್ಲಗಳೆದರು. ಆದ್ದರಿಂದ ‘ಸೂತಕ ಬಿಟ್ಟರೆ ಧರ್ಮ ಬಿಟ್ಟಂತೆ’ ಎಂಬ ಮಾತಿಗೆ ಬುಡವಿಲ್ಲ. ಹಾಗೆಯೇ, ಒಂದು ಕೆಟ್ಟ ಆಚಾರ ಕಂಡಿತೆಂದು ಭಕ್ತಿಯನ್ನೇ ಹಳಿಯುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಓದಿದವರು ಬೀಗುವುದಕ್ಕೂ ಕಾರಣವಿಲ್ಲ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ, ಹೆರಿಗೆ ಮಾಡಿಸುವ ಮುನ್ನ ಸುಣ್ಣ-ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದ. ಅದಕ್ಕೆ ಹಿಂದಿನ ವರ್ಷ ಅವನ ವಿಭಾಗದಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಬಾಣಂತಿಯರು ಜ್ವರದಿಂದ ಸತ್ತಿದ್ದರು. ಮರುವರ್ಷ ಆ ಸಂಖ್ಯೆ ಒಂದೆರಡಕ್ಕೆ ಇಳಿಯಿತು. ಆದರೂ ದೊಡ್ಡ ದೊಡ್ಡ ಪ್ರಾಧ್ಯಾಪಕರು ಅವನ ಮಾತು ಒಪ್ಪಲಿಲ್ಲ. ಹಟ ಹಟ್ಟಿಯಲ್ಲಷ್ಟೇ ಅಲ್ಲ, ವಿಶ್ವವಿದ್ಯಾಲಯದಲ್ಲೂ ಇರುತ್ತದೆ.

ಕೈ ಇದ್ದರೂ ಕೈಕಟ್ಟು

ಈಗ ಕುಟುಂಬದ ವಿಚಾರ. ಕಾಡುಗೊಲ್ಲರ ಹಟ್ಟಿ ಬರಿಯ ಮನೆಗಳ ಗುಂಪಲ್ಲ; ನೆಂಟರಿಷ್ಟರೇ ಕೂಡಿ ಬಾಳುವ ಒಂದು ದೊಡ್ಡ ಮನೆಯಂತೆ. ಜುಂಜಪ್ಪ, ಎತ್ತಪ್ಪರಂಥ ವೀರರನ್ನು ದೇವರೆಂದು ನಂಬಿ, ಅವರ ಕಥೆಯನ್ನು ರಾತ್ರಿಯಿಡೀ ಹಾಡುವ ದೊಡ್ಡ ಜನಪದ ಸಂಪತ್ತು ಆ ಜನರದು. ಕುರಿ ಕಾಯಲು, ಮದುವೆ ಮಾಡಲು, ಸಾಲಕ್ಕೆ, ಸಾವಿಗೆ ಹಟ್ಟಿಯೆಲ್ಲ ಒಂದಾಗುತ್ತದೆ. ಕೂಡಿ ಬಾಳಿದರೆ ಸ್ವರ್ಗ ಸುಖ ಎಂಬ ಗಾದೆ ಸುಳ್ಳಲ್ಲ.

ಆದರೆ ಭಯವೂ ಕೂಡಿಯೇ ಬಾಳುತ್ತದೆ. ಒಬ್ಬಳು ನಿಯಮ ಮುರಿದರೆ ದೇವರ ಮುನಿಸು ಆಕೆಯೊಬ್ಬಳ ಮೇಲಲ್ಲ, ಹಟ್ಟಿಯ ಮೇಲೆಲ್ಲ ಎಂಬ ನಂಬಿಕೆ ಇದೆ. ನಾಳೆ ಯಾರದೋ ಕುರಿ ಸತ್ತರೆ, ಮಗುವಿಗೆ ಜ್ವರ ಬಂದರೆ ಬೆರಳು ತೋರುವುದು ಆ ಮನೆಯ ಕಡೆಗೆ. ಆದ್ದರಿಂದಲೇ ಸ್ವತಃ ಗುಡಿಸಿಲಿನಲ್ಲಿ ನರಳಿದ ಅತ್ತೆಯೇ ಸೊಸೆಯನ್ನು ಗುಡಿಸಿಲಿಗೆ ಕಳಿಸುತ್ತಾಳೆ. ಆಕೆ ಕ್ರೂರಿಯಲ್ಲ, ಒಂಟಿಯಾಗುವ ಧೈರ್ಯವಿಲ್ಲದವಳು.

ಹಟ್ಟಿ ಬಿಟ್ಟು ಪೀಣ್ಯದ ಕಾರ್ಖಾನೆಗೆ ದುಡಿಯಲು ಹೋದ ದಂಪತಿಯ ಬಾಡಿಗೆ ಮನೆಯಲ್ಲಿ ಇದರ ಮತ್ತೊಂದು ಮುಖ ಕಾಣುತ್ತದೆ. ಅಲ್ಲಿ ‘ಹೊರಗೆ ಕೂರು’ ಎನ್ನುವವರಿಲ್ಲ. ಆದರೆ ಬಾಣಂತಿಗೆ ಒಂದು ಲೋಟ ಬಿಸಿನೀರು ಕೊಡುವವರೂ ಇಲ್ಲ. ಹೆತ್ತ ಹತ್ತನೇ ದಿನಕ್ಕೇ ಆಕೆ ಒಲೆಯ ಮುಂದೆ ನಿಲ್ಲಬೇಕು. ದೊಡ್ಡ ಕುಟುಂಬದಲ್ಲಿ ಕೈಗಳಿವೆ, ಸ್ವಾತಂತ್ರ್ಯವಿಲ್ಲ. ಸಣ್ಣ ಕುಟುಂಬದಲ್ಲಿ ಸ್ವಾತಂತ್ರ್ಯವಿದೆ, ಕೈಗಳಿಲ್ಲ. ಬೇಕಾಗಿರುವುದು ಎರಡೂ.

ಕೈಗಳ ಬೆಲೆ ಎಷ್ಟೆಂಬುದಕ್ಕೆ ಒಂದು ಉದಾಹರಣೆ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ ಕಡಿಮೆ ತೂಕದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದಾದಾಗ ವೈದ್ಯರು ಮಗುವನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಅದೇ ಇಂದಿನ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದರೆ ಕಡಿಮೆ ತೂಕದ ಶಿಶುಗಳ ಸಾವು ಕಾಲುಭಾಗದಷ್ಟು ತಗ್ಗುತ್ತದೆ ಎಂದು ತೋರಿಸಿತು. ಖರ್ಚು ಒಂದು ಬಟ್ಟೆಯದು ಮಾತ್ರ. ಆದರೆ ತಾಯಿ ದಿನದ ಹೆಚ್ಚು ಹೊತ್ತು ಮಗುವನ್ನು ಎದೆಗಪ್ಪಿ ಕೂರಬೇಕಾದರೆ ಅಡುಗೆ, ನೀರು, ಬಟ್ಟೆ ಒಗೆಯುವುದನ್ನು ಬೇರೆಯವರು ನೋಡಿಕೊಳ್ಳಬೇಕು. ತಾಯಿ ದಣಿದಾಗ ಅಪ್ಪನ ಎದೆಯೂ ಆದೀತು, ಅಜ್ಜಿಯ ಎದೆಯೂ ಆದೀತು.

ಕಾನೂನು ಎಲ್ಲಿಯವರೆಗೆ?

ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಊರಿನಿಂದ ಬೇರೆ ಇರಿಸುವುದು ಕರ್ನಾಟಕದಲ್ಲಿ ಅಪರಾಧ. 2017ರಲ್ಲಿ ರೂಪಿಸಿ 2020ರಲ್ಲಿ ಜಾರಿಗೆ ತಂದ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯ್ದೆ ಇದನ್ನು ಹೇಳುತ್ತದೆ. ಧರ್ಮಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿಯೇ ಅದಕ್ಕೆ ಮೂರು ಮಿತಿಗಳನ್ನು ಹಾಕಿದೆ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯ. ಮೂರನೆಯದನ್ನು ಜನ ಮರೆಯುತ್ತಾರೆ. ಸರ್ಕಾರ ಕೆಲವು ಹಟ್ಟಿಗಳಲ್ಲಿ ‘ಕೃಷ್ಣ ಕುಟೀರ’ಗಳನ್ನೂ ಕಟ್ಟಿಸಿತು. ಗುಡಿಸಿಲಿಗಿಂತ ಗಟ್ಟಿ ಸೂರು ಲೇಸು, ನಿಜ. ಆದರೆ ಸರ್ಕಾರಿ ಕಟ್ಟಡವೇ ಆದರೂ ಅದಿರುವುದು ‘ಹೊರಗಾದವರಿಗೆ’ ತಾನೆ?

ನೆರೆಯ ನೇಪಾಳದಲ್ಲೂ ‘ಛೌಪಡಿ’ ಎಂಬ ಇಂಥದೇ ಪದ್ಧತಿಯಿದೆ. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2005ರಲ್ಲೇ ಅದನ್ನು ನಿಷೇಧಿಸಿತು. 2017ರಲ್ಲಿ ಶಿಕ್ಷೆ ವಿಧಿಸುವ ಕಾನೂನೂ ಬಂತು. ಕೆಡವಿದ ಗುಡಿಸಿಲುಗಳು ಮತ್ತೆ ಎದ್ದವು. ಹೊಗೆಯಿಂದ, ಹಾವಿನಿಂದ ಹೆಣ್ಣುಮಕ್ಕಳು ಸಾಯುವುದು ನಿಲ್ಲಲಿಲ್ಲ. ಗುಡಿಸಿಲನ್ನು ಬುಲ್ಡೋಜರ್ ಕೆಡವಬಲ್ಲದು, ಭಯವನ್ನಲ್ಲ.

ಭಯ ಕೂಡಿ ಬಂದದ್ದಾದರೆ ಕೂಡಿಯೇ ಹೋಗಬೇಕು. ಒಂದು ಮನೆ ಒಂಟಿಯಾಗಿ ಮುರಿಯಲಾರದ ನಿಯಮವನ್ನು ಹತ್ತು ಮನೆ ಒಂದೇ ದಿನ ಬಿಟ್ಟರೆ ಬೆರಳು ತೋರಲು ಯಾರೂ ಉಳಿಯುವುದಿಲ್ಲ. ಹಟ್ಟಿಯ ಯಜಮಾನರು, ಪೂಜಾರಿ ಒಂದು ಮಾತು ಹೇಳಿದರೆ ಪೊಲೀಸರ ಹತ್ತು ಮಾತಿಗಿಂತ ಅದು ಹೆಚ್ಚು ನಡೆಯುತ್ತದೆ. ಆ ಮಾತು ಅವರ ಬಾಯಿಂದ ಬರುವಂತೆ ಮಾಡುವುದು ಓದಿದ ಮಕ್ಕಳ ಕೆಲಸ. ‘ನಿಮ್ಮದು ಮೂಢನಂಬಿಕೆ’ ಎಂದರೆ ಹಿರಿಯರು ಎದ್ದು ಹೋಗುತ್ತಾರೆ. ‘ಅಜ್ಜಿ, ಕೂಸಿಗೆ ಚಳಿ ತಡೆಯೋಕಾಗಲ್ಲ. ಸೂತಕ ಬೇಕಾದರೆ ಮನೆಯೊಳಗೇ ಒಂದು ಕೋಣೇಲಿ ಮಾಡೋಣ’ ಎಂದರೆ ಕೇಳುತ್ತಾರೆ. ಇವತ್ತು ಗುಡಿಸಿಲಿನಿಂದ ಕೋಣೆಗೆ ಬಂದವಳು ನಾಳೆ ಕೋಣೆಯಿಂದ ನಡುಮನೆಗೆ ಬಂದಾಳು.

ಪೋಷಕರು ನೆನಪಿಡಬೇಕಾದ ಒಂದೆರಡು ವಿಷಯಗಳಿವೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಬಾಣಂತಿಯನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ಮಗುವನ್ನು ತೂಗಿಸಿ, ಮೈಶಾಖ ನೋಡಿಸಿ. ಮಗುವಿನ ಅಂಗಾಲು ತಣ್ಣಗಿದ್ದರೆ, ಹಾಲು ಚೀಪದಿದ್ದರೆ, ಉಸಿರು ಜೋರಾದರೆ ಬೆಳಗಾಗಲೆಂದು ಕಾಯಬೇಡಿ. ಮಗಳು ಮುಟ್ಟಾದ ದಿನವೂ ಆಕೆಯನ್ನು ಶಾಲೆಗೆ ಕಳಿಸಿ. ಹೊಟ್ಟೆನೋವು ತಡೆಯಲಾರದಷ್ಟಿದ್ದರೆ ಮೂಲೆಗೆ ಕೂರಿಸದೆ ವೈದ್ಯರಿಗೆ ತೋರಿಸಿ.

ಹಿಂದಿನ ಸಾಲಿನ ಹುಡುಗರಿಗೂ ಒಂದು ಮಾತು. ಇನ್ನು ಹತ್ತು-ಹನ್ನೆರಡು ವರ್ಷಕ್ಕೆ ನೀವೇ ಅಪ್ಪಂದಿರಾಗುತ್ತೀರಿ. ಹೆರಿಗೆ ಆಸ್ಪತ್ರೆಯಿಂದ ಆಟೋದಲ್ಲಿ ಕೂಸನ್ನು ಎತ್ತಿಕೊಂಡು ಊರಿಗೆ ಬರುವ ಹೊತ್ತಿಗೆ, ಅದನ್ನು ಎಲ್ಲಿ ಇಳಿಸಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನೀವು. ಆ ದಿನ ನಗು ಬಾರದು. ಉತ್ತರವನ್ನು ಈಗಲೇ ಕಲಿತಿಟ್ಟುಕೊಳ್ಳುವುದು ಒಳ್ಳೆಯದು.