ಕೇಸಾದ ಹುಡುಗನನ್ನು ಜಮಾಅತ್ ಕೈಬಿಡಬಾರದು

ಹದಿನಾರು, ಹದಿನೇಳರ ಹುಡುಗನೊಬ್ಬ ಬೈಕ್ ಕಳ್ಳತನದಲ್ಲೋ ಗಾಂಜಾ ಕೇಸಿನಲ್ಲೋ ಸಿಕ್ಕಿಬಿದ್ದರೆ ನಮ್ಮ ಮೊಹಲ್ಲಾಗಳಲ್ಲಿ ಮೊದಲು ಆಗುವುದೇನು? ವಾಟ್ಸ್ಆ್ಯಪ್‌ನಲ್ಲಿ ಅವನ ಫೋಟೊ ಓಡಾಡುತ್ತದೆ. 'ಅವನ ಸಹವಾಸ ಬೇಡ' ಅಂತ ಮಕ್ಕಳಿಗೆ ಹೇಳುತ್ತೇವೆ. ಶಾಲೆ ತಪ್ಪುತ್ತದೆ, ಮದ್ರಸವೂ ತಪ್ಪುತ್ತದೆ. ಆಮೇಲೆ ಅವನನ್ನು ಹತ್ತಿರ ಸೇರಿಸುವವರು, ಆ ದಾರಿಗೆ ಎಳೆದವರೇ.

2015ರ ಬಾಲನ್ಯಾಯ ಕಾಯ್ದೆ ಹೇಳುವುದು ಬೇರೆ. 18 ತುಂಬದವರನ್ನು ಲಾಕಪ್‌ನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರೂ ಕೂರುತ್ತಾರೆ. ಆಪ್ತಸಮಾಲೋಚನೆ, ಸಮುದಾಯ ಸೇವೆ, ಯೋಗ್ಯ ವ್ಯಕ್ತಿಯೊಬ್ಬರ ಉಸ್ತುವಾರಿಗೆ ಒಪ್ಪಿಸುವುದು, ಇಷ್ಟೆಲ್ಲ ದಾರಿಗಳು ಮಂಡಳಿಯ ಮುಂದಿವೆ. ಹುಡುಗನ ಗುರುತು ಬಯಲು ಮಾಡಿದವರಿಗೇ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಫೋಟೊ ಫಾರ್ವರ್ಡ್ ಮಾಡುವವರು ಇದನ್ನು ನೆನಪಿಡಬೇಕು.

ಮಗನ ಗಲ್ಫ್ ಕನಸು ಮುಗೀತು ಅಂತ ಅಳುವ ಉಮ್ಮಂದಿರಿಗೂ ಒಂದು ಮಾತು. ಮುಗಿದ ಕೇಸಿನ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ. 16 ದಾಟಿ, ಘೋರ ಅಪರಾಧದಲ್ಲಿ ವಯಸ್ಕನಂತೆ ವಿಚಾರಣೆಯಾಗಿ ತಪ್ಪಿತಸ್ಥನಾದರೆ ಮಾತ್ರ ಕಳಂಕದಿಂದ ಪೂರ್ತಿ ರಕ್ಷಣೆಯಿಲ್ಲ.

ಆದರೆ ಈ ಕಾನೂನು ಹಳ್ಳಿಯ ಬಡವನಿಗೆ ಸುಲಭವಾಗಿ ಎಟಕುವುದಿಲ್ಲ. ನಾವು ಪಾಠ ಹೇಳುವ ರಾಮಾಪುರದಿಂದ ಜಿಲ್ಲಾ ಕೇಂದ್ರ ಚಾಮರಾಜನಗರಕ್ಕೆ ಹೋಗಲು ಹನೂರು, ಕೊಳ್ಳೇಗಾಲ ದಾಟಬೇಕು. ಕೂಲಿಯ ತಂದೆಗೆ ಪ್ರತಿ ವಿಚಾರಣೆಗೂ ಒಂದು ದಿನದ ದುಡಿಮೆ ಹೋಗುತ್ತದೆ, ಬಸ್ ಚಾರ್ಜು ಬೇರೆ. ತಿಂಗಳಿಗೊಮ್ಮೆಯಾದರೂ ಮಂಡಳಿ ಕೊಳ್ಳೇಗಾಲದಲ್ಲಿ ಕೂರಬೇಕು. ಹುಡುಗನಿಗೆ ಒಂದು ಕೈಕೆಲಸದ ತರಬೇತಿಯೂ ಆದೇಶದ ಜೊತೆಗೇ ಸಿಗಬೇಕು. ಸರ್ಕಾರವನ್ನು ನಾವು ಕೇಳಬೇಕಾದ್ದು ಇದು.

ಹೀಗೆ ಮೃದುವಾದರೆ ತಪ್ಪು ಹೆಚ್ಚುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹೊಣೆ ಹೊರಿಸುವುದು ಬೇಡ ಎಂದು ನಾವು ಹೇಳುತ್ತಿಲ್ಲ. ಕದ್ದದ್ದನ್ನು ಹಿಂತಿರುಗಿಸಲಿ, ನೊಂದವರ ಕ್ಷಮೆ ಕೇಳಲಿ. ತೌಬಾ ಎಂದರೆ ಬರೀ ಬಾಯಿಮಾತಲ್ಲ, ಇನ್ನೊಬ್ಬರ ಹಕ್ಕನ್ನು ಅವರಿಗೆ ಮರಳಿಸುವುದೂ ಅದರಲ್ಲಿ ಸೇರಿದೆ ಎಂದೇ ಮದ್ರಸದಲ್ಲಿ ಕಲಿಸುತ್ತೇವೆ. ಹಾಗೆ ತೌಬಾ ಮಾಡಿದವನಿಗೆ ಅಲ್ಲಾಹನ ಬಾಗಿಲು ತೆರೆದಿರುವಾಗ ನಮ್ಮ ಮಸೀದಿಯ ಬಾಗಿಲು ಮುಚ್ಚಬಹುದೇ?

ಕರಾವಳಿಯಲ್ಲಾಗಲಿ ಇಲ್ಲಾಗಲಿ, ಪ್ರತಿ ಜಮಾಅತ್ ಮಾಡಬಹುದಾದ ಮೂರು ಕೆಲಸಗಳಿವೆ. ಕೇಸಾದ ದಿನವೇ ತಂದೆ-ತಾಯಿಯ ಜೊತೆ ಇಬ್ಬರು ಹಿರಿಯರು ಠಾಣೆಗೆ ಹೋಗಲಿ. ತಾಲೂಕು ಕಾನೂನು ಸೇವಾ ಸಮಿತಿಯಿಂದ ಮಕ್ಕಳಿಗೆ ವಕೀಲರು ಉಚಿತವಾಗಿ ಸಿಗುತ್ತಾರೆ, ಅದಕ್ಕೆ ಅರ್ಜಿ ಬರೆಸಲಿ. ವರ್ಕ್‌ಶಾಪ್, ಅಂಗಡಿ ಇರುವ ನಮ್ಮವರೊಬ್ಬರು, 'ಇವನ ಹೊಣೆ ನನ್ನದು, ಕೆಲಸ ಕಲಿಸುತ್ತೇನೆ' ಎಂದು ಮಂಡಳಿಯ ಮುಂದೆ ನಿಲ್ಲಲಿ. ಮದ್ರಸದಲ್ಲಿ ಅವನ ಜಾಗವನ್ನು ನಾವು ಉಸ್ತಾದರು ಹಾಗೇ ಇಟ್ಟಿರುತ್ತೇವೆ.